ಕೊನೆಮನೆ ಅಕ್ಕನಿಗೆ ಅಮ್ಮ ಬಂದ ದಿನಗಳು

ಹೋದ ತಿಂಗಳು ಯಲಹಂಕ ನ್ಯೂಟೌನಿನ ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನೋವಿನ ಎಣ್ಣೆಯ ಸೀಸೆಯ ಮುಚ್ಚಳ ತೆಗೆದು ಮೂಸಿ, "ಇದಲ್ಲ, ಇನ್ನೂ ಘಾಟಾಗಿರೋದು ಕೊಡಿ" ಎಂದರು. ನೀಲಗಿರಿ, ಕರ್ಪೂರ, ಅದರಡಿಯಲ್ಲಿ ಯಾವುದೋ ಬೇರಿನ ಕಹಿ... ನನ್ನ ಎದೆ ಧಸಕ್ಕೆಂದಿತು. ಅರವತ್ತು ದಾಟಿದವಳ ಎದೆ ಧಸಕ್ಕೆಂದರೆ ಮೊದಲು ಬಿಪಿಯನ್ನೇ ಅನುಮಾನಿಸಬೇಕು. ಆದರೆ ಇದು ಅದಲ್ಲ ಎಂದು ನನಗೆ ಗೊತ್ತಿತ್ತು. ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ವಾಸನೆಯ ಸೀಸೆಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಓಣಿಯಲ್ಲಿ ನಡೆದಿದ್ದೆ. ಆಗಲೂ ಎದೆ ಹೀಗೇ ಹೊಡೆದುಕೊಂಡಿತ್ತು.

ಆಗ ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಎದುರುಬದುರು ಮೂರು ಮೂರು ಮನೆ, ನಡುವೆ ಚಪ್ಪಡಿ ಹಾಸಿದ ಓಣಿ, ಓಣಿಯ ತುದಿಗೆ ಒಂದೇ ನಲ್ಲಿ. ರೈಲು ಹೋದರೆ ಆರೂ ಮನೆಯ ಪಾತ್ರೆಗಳು ಒಟ್ಟಿಗೆ ಅಲುಗುತ್ತಿದ್ದವು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ, ನಮ್ಮ ವಠಾರದ ಗೋಡೆಗಳಿಗೆ ಬಾಯಿಯೂ ಇತ್ತು. ನಲ್ಲಿಯ ಪಕ್ಕದ್ದೇ ಕೊನೆಮನೆ. ಅಲ್ಲಿದ್ದವರನ್ನು ನಾವು ಮಕ್ಕಳೆಲ್ಲ ಕೊನೆಮನೆ ಅಕ್ಕ ಎಂದೇ ಕರೆಯುತ್ತಿದ್ದೆವು.

ಅಕ್ಕನಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಗಂಡನಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರು ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಿದ್ದರು, ಎದ್ದರೆ ಕೆಲಸಕ್ಕೆ ಹೊರಡುತ್ತಿದ್ದರು. ಒಳ್ಳೆಯವರೋ ಕೆಟ್ಟವರೋ ಎಂದು ಹೇಳುವಷ್ಟು ನಾನು ಅವರನ್ನು ಎಚ್ಚರದಲ್ಲಿ ನೋಡಿದವಳಲ್ಲ. ಮೂರು ವರ್ಷದ ಒಬ್ಬಳು ಮಗಳು. ಮತ್ತೆ ಅತ್ತೆ. ಆಕೆ ಕೋಗಿಲು ಕಡೆಯ ಒಕ್ಕಲುಮನೆಯ ಹೆಂಗಸು, ಅರವತ್ತರಲ್ಲೂ ತುಂಬಿದ ಕೊಡವನ್ನು ಒಂದೇ ಸಲಕ್ಕೆ ಸೊಂಟಕ್ಕೇರಿಸುವ ಗಟ್ಟಿಗಿತ್ತಿ. ತನ್ನ ಮೈಯಂತೆಯೇ ಎಲ್ಲರ ಮೈಯೂ ಇರುತ್ತದೆ ಎಂದು ನಂಬಿದ್ದರು. ಅದೊಂದೇ ಅವರ ದೋಷ ಎಂದು ಈಗ ಅನ್ನಿಸುತ್ತದೆ. ಆಗ ಅವರನ್ನು ಕಂಡರೆ ನಾನು ದಾರಿ ಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತಿದ್ದೆ.

ಬೆಳಗಿನ ಹೊತ್ತು ಅಕ್ಕನಿಗೆ ಬೆರಳುಗಳನ್ನು ಮಡಿಸಲು ಆಗುತ್ತಿರಲಿಲ್ಲ. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕಾಫಿ ಕುಡಿಯುತ್ತಿದ್ದರು. ಹಂಡೆಯ ಬಿಸಿನೀರಲ್ಲಿ ಕೈ ಅದ್ದಿಕೊಂಡು ಒಂದಷ್ಟು ಹೊತ್ತು ಕೂತರೆ ಒಂದೊಂದೇ ಬೆರಳು ಸಡಿಲವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೇಗೋ ಕೈ ಬರುತ್ತಿತ್ತು, ಸಂಜೆಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಬಿಳಿ ಮಾತ್ರೆ ಕೊಟ್ಟು, ಚೆನ್ನಾಗಿ ಊಟ ಮಾಡಿ ಎಂದು ಕಳಿಸಿದ್ದರಂತೆ. ಅತ್ತೆಗೆ ಈ ಬಂದು ಹೋಗುವ ನೋವೇ ದೊಡ್ಡ ಅನುಮಾನ.

"ಕೆಲ್ಸ ಇರೋವಾಗ ನೋವು, ಉಣ್ಣಕ್ ಕುಂತಾಗ ನೋವಿಲ್ಲ. ಒತ್ತು ನೋಡ್ಕಂಡ್ ಬತ್ತದೇನವ್ವ ಇವಳ ನೋವು?" ಎಂದು ನಲ್ಲಿಯ ಹತ್ತಿರ ನಾಲ್ಕು ಜನ ಸೇರಿದಾಗಲೇ ಕೇಳುತ್ತಿದ್ದರು. ಜನ ನಗುತ್ತಿದ್ದರು. ಅಕ್ಕನೂ ನಕ್ಕುಬಿಡುತ್ತಿದ್ದರು. ಕಣ್ಣಿಗೆ ಕಾಣದ ನೋವಿಗೆ ನಮ್ಮ ವಠಾರದಲ್ಲಿ ಮರ್ಯಾದೆ ಇರಲಿಲ್ಲ. ಜ್ವರಕ್ಕೆ ಇತ್ತು, ಬಸಿರಿಗೆ ಇತ್ತು, ಬಿದ್ದು ಕಾಲು ಮುರಿದುಕೊಂಡರೆ ಬಹಳ ಇತ್ತು.

ನೀರು ಬರುವ ಮೊದಲೇ ಏಳುತ್ತಿದ್ದವಳು ನಾನೊಬ್ಬಳೇ. ಆ ವರ್ಷ ನನಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ, ಎದ್ದು ಓದುತ್ತಿದ್ದೆ. ಒಂದು ದಿನ ಅಕ್ಕ ಬಾಗಿಲಲ್ಲಿ ರಂಗೋಲಿ ಬಟ್ಟಲು ಹಿಡಿದು ಸುಮ್ಮನೆ ನಿಂತಿದ್ದರು. ಪುಡಿ ಬೆರಳಿನ ಸಂದಿಯಿಂದ ಸುಮ್ಮಸುಮ್ಮನೆ ಉದುರುತ್ತಿತ್ತು. ನಾನು ಬಟ್ಟಲು ಇಸಿದುಕೊಂಡು ನಾಲ್ಕೆಳೆ ಹಾಕಿಬಿಟ್ಟೆ. ಆಮೇಲೆ ಅದು ದಿನವೂ ನಡೆಯಿತು. ಅತ್ತೆ ಏಳುವ ಮೊದಲು ರಂಗೋಲಿ ಬಿದ್ದಿರುತ್ತಿತ್ತು, ಸೊಸೆಯೇ ಹಾಕಿದ್ದಾಳೆ ಎಂದುಕೊಳ್ಳುತ್ತಿದ್ದರು. ಹೀಗೆ ನಾನು ಆ ಮನೆಯ ಗುಟ್ಟಿನೊಳಗೆ ಸೇರಿಕೊಂಡೆ. ಹನ್ನೆರಡು ವರ್ಷದವಳಿಗೆ ದೊಡ್ಡವರ ಗುಟ್ಟು ಸಿಕ್ಕರೆ ಎಷ್ಟು ಹೆಮ್ಮೆಯೋ ಅಷ್ಟೇ ಭಯ.

ಆ ಬೇಸಿಗೆಯಲ್ಲಿ ಅಮ್ಮ ಬಂದಳು. ಸಿಡುಬಿಗೂ ಸೀತಾಳೆಗೂ ನಮ್ಮವರು ಒಟ್ಟಿಗೆ ಇಟ್ಟ ಹೆಸರು ಅದು. ಎಲ್ಲ ಬೀದಿಗಳ ಬಾಗಿಲಲ್ಲೂ ಬೇವಿನ ಸೊಪ್ಪು ಕಾಣತೊಡಗಿತು. ಮೊನ್ನೆ ಮೊನ್ನೆ ಕೊರೊನಾ ಕಾಲದಲ್ಲಿ ಮನೆಗಳಿಗೆ ಚೀಟಿ ಅಂಟಿಸಿದರಲ್ಲ, ಆಗ ಆ ಕೆಲಸವನ್ನು ಸೊಪ್ಪು ಮಾಡುತ್ತಿತ್ತು. ಸೊಪ್ಪು ಕಂಡರೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಒಳಗೆ ಒಗ್ಗರಣೆ ಇಲ್ಲ, ಎಣ್ಣೆ ಇಲ್ಲ, ತಲೆ ಬಾಚುವುದಿಲ್ಲ, ಗಟ್ಟಿಯಾಗಿ ಮಾತಾಡುವುದಿಲ್ಲ. ಮಲಗಿದವರು ನಮ್ಮನೆಯ ಹುಡುಗಿ ಎನ್ನುವಂತಿಲ್ಲ, ಹನ್ನೊಂದು ದಿನ ಅವರು ತಾಯಿ. ಹನ್ನೊಂದನೆಯ ದಿನ ಬೇವಿನ ನೀರು ಹಾಕಿದ ಮೇಲೆಯೇ ಮತ್ತೆ ಮನುಷ್ಯರು.

ಜೊತೆಗೆ ಸರ್ಕಾರದ ಹೆದರಿಕೆ. ಬಂದದ್ದು ಸೀತಾಳೆಯಾದರೆ ಚಿಂತೆಯಿಲ್ಲ, ಸಿಡುಬಾದರೆ ಬಿಡುವುದಿಲ್ಲ ಎಂದು ಹೆಲ್ತಿನವರು ಮನೆಮನೆ ಹುಡುಕುತ್ತಿದ್ದರು. ಸಿಡುಬಿನ ಮನೆ ತೋರಿಸಿದವರಿಗೆ ಬಹುಮಾನ ಎಂದು ಗೋಡೆಗಳ ಮೇಲೆ ಬರೆದಿದ್ದರು. ಬೊಬ್ಬೆಯೆದ್ದ ಮಗುವಿನ ಚಿತ್ರವಿದ್ದ ಒಂದು ಕಾರ್ಡನ್ನು ಹಿಡಿದುಕೊಂಡು, ಇಂಥದ್ದನ್ನು ನೋಡಿದ್ದೀರಾ ಎಂದು ಶಾಲೆಗೆ ಬಂದು ಮಕ್ಕಳನ್ನೂ ಕೇಳುತ್ತಿದ್ದರು. ಸಿಡುಬೆಂದು ಗೊತ್ತಾದರೆ ಮನೆಗೆ ಕಾವಲು ಹಾಕುತ್ತಾರೆ, ವ್ಯಾನು ತಂದು ದೂರದ ಆಸ್ಪತ್ರೆಗೆ ಒಯ್ಯುತ್ತಾರೆ, ಹೋದವರು ಬರುವುದಿಲ್ಲ... ಇದೆಲ್ಲ ಎಷ್ಟು ನಿಜವೋ, ನಾವು ಪೂರ್ತಿ ನಂಬಿದ್ದೆವು. ಆ ಕಾರ್ಡಿನ ಮಗು ನನ್ನ ಭೂಗೋಳದ ಪುಸ್ತಕದ ನಡುವೆಯೂ ಕಣ್ಣಿಗೆ ಬರುತ್ತಿತ್ತು.

ನಮ್ಮ ವಠಾರದಲ್ಲಿ ಮೊದಲು ಮಲಗಿದ್ದು ಮೊದಲನೇ ಮನೆಯ ಸೊಸೆ. ಸೀತಾಳೆಯೇ. ಅವಳನ್ನು ಒಂದು ದಿನ ಕೂರಲು ಬಿಡದಿದ್ದ ಮನೆಯವರು ಅವಳ ಪಕ್ಕ ಕುಳಿತು ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕಿದರು, ಎಳನೀರು ಕುಡಿಸಿದರು. ಅಕ್ಕ ನಲ್ಲಿಯ ಹತ್ತಿರ ನಿಂತು ಆ ಬಾಗಿಲನ್ನೇ ನೋಡುತ್ತಿದ್ದರು. "ಹನ್ನೊಂದು ದಿನ ಅವಳನ್ನ ಯಾರೂ ಏಳು ಅನ್ನಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದರು. ಹೊಟ್ಟೆಕಿಚ್ಚಿನ ಮಾತು ಅದು. ರೋಗದವಳ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ವಾರ ಅಕ್ಕನ ನೋವು ಮಿತಿಮೀರಿತು. ಬಟ್ಟೆ ಒಗೆಯಲು ಒಯ್ಯುತ್ತಿದ್ದ ಹೆಂಗಸು ಅಕ್ಕನ ಕೈ ನೋಡಿ ಮರುಗಿ, ತಮ್ಮ ಮನೆಯ ಮದ್ದೊಂದನ್ನು ಹೇಳಿದ್ದಳು. ಬಟ್ಟೆಗೆ ಅಳಿಸದ ಗುರುತು ಹಾಕಲು ಅವರು ಬಳಸುವ ಕರಿಗೇರು ಬೀಜವಿದೆಯಲ್ಲ, ಅದರ ಎಣ್ಣೆಯನ್ನು ಸೂಜಿಮೊನೆಯಷ್ಟು ಕೀಲಿಗೆ ಮುಟ್ಟಿಸಿದರೆ ನೋವು ಎಳೆದುಕೊಳ್ಳುತ್ತದಂತೆ. ಬೀಜ ತರಲು ಅಕ್ಕ ನನ್ನನ್ನು ಕಳಿಸಿದರು. ಆ ಹೆಂಗಸು ನಾಲ್ಕು ಬೀಜಗಳನ್ನು ಎಲೆಯಲ್ಲಿ ಸುತ್ತಿಕೊಟ್ಟು, "ಸೂಜಿಮೊನೇಲಿ ಮುಟ್ಟಿಸ್ಬೇಕು, ಅಷ್ಟೇ ಅಂತ ಹೇಳಮ್ಮ. ಜಾಸ್ತಿ ಆದ್ರೆ ಮೈಯೆಲ್ಲ ಬೊಬ್ಬೆ ಬರ್ತದೆ. ನೀನಂತೂ ಮುಟ್ಬೇಡ" ಎಂದು ಎರಡೆರಡು ಸಲ ಹೇಳಿದಳು. ನಾನು ದಾರಿಯಲ್ಲಿ ಎಲೆ ಬಿಚ್ಚಿ, ಒಂದು ಬೀಜದ ತೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹೇಳಿದ್ದನ್ನು ಮಾಡದಿದ್ದರೂ ಬೇಡವೆಂದದ್ದನ್ನು ಮಾಡುವ ವಯಸ್ಸು.

ಅಕ್ಕನಿಗೆ ನಾನು ಹೇಳಿದೆ, ಸೂಜಿಮೊನೆ ಅಷ್ಟೇ ಎಂದು. ಆದರೆ ಮೂರು ವರ್ಷದಿಂದ ನರಳಿದವರಿಗೆ ಸೂಜಿಮೊನೆ ಸಾಲುತ್ತದೆಯೇ? ಮಣಿಕಟ್ಟು, ಮೊಳಕೈ, ಭುಜ, ಮಂಡಿ, ಎಲ್ಲೆಲ್ಲಿ ನೋಯುತ್ತಿತ್ತೋ ಅಲ್ಲೆಲ್ಲ ಹಚ್ಚಿಕೊಂಡಿದ್ದಾರೆ. ಮರುದಿನಕ್ಕೆ ಮೈ ಉರಿ, ಅದರ ಮರುದಿನಕ್ಕೆ ಕೈಯಿಂದ ಕುತ್ತಿಗೆಯವರೆಗೆ ನೀರು ತುಂಬಿದ ಬೊಬ್ಬೆಗಳು, ಊದಿದ ಮುಖ, ಜ್ವರ. ನನ್ನ ಹೆಬ್ಬೆರಳ ಮೇಲೂ ಒಂದು ಬೊಬ್ಬೆ ಎದ್ದಿತು. ಅದಕ್ಕೆ ಚಿಂದಿ ಸುತ್ತಿಕೊಂಡು, ಬ್ಲೇಡು ತಾಗಿತೆಂದು ನನ್ನ ಅಮ್ಮನಿಗೆ ಸುಳ್ಳು ಹೇಳಿದೆ.

ಬೆಳಿಗ್ಗೆ ಸೊಸೆಯನ್ನು ಬೈದು ಎಬ್ಬಿಸಲು ಹೋದ ಅತ್ತೆ ಬಾಗಿಲಲ್ಲೇ ಕುಸಿದು ಕೂತರಂತೆ. "ಅಯ್ಯೋ, ತಾಯಿ ಬಂದವ್ಳೆ! ಬೇವಿನ್ ಸೊಪ್ಪು ತನ್ರಪ್ಪೋ!" ಎಂದು ಕೂಗಿದ್ದು ನಮ್ಮ ಮನೆಗೂ ಕೇಳಿತು. ಅಲ್ಲ ಎಂದು ಹೇಳಲು ಅಕ್ಕನಿಗೆ ಒಂದು ಕ್ಷಣ ಸಾಕಿತ್ತು. ಅವರು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡರು.

ನನಗೆ ಆರನೇ ವಯಸ್ಸಿನಲ್ಲೇ ಸೀತಾಳೆ ಬಂದು ಹೋಗಿತ್ತು, ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೆಂದು ಎಳನೀರು ಕೊಟ್ಟುಬರಲು ನನ್ನನ್ನೇ ಕಳಿಸುತ್ತಿದ್ದರು. ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದಳು. ಮೊದಲ ದಿನ ಒಳಗೆ ಹೋದಾಗ ಅತ್ತೆ ಸೊಸೆಯ ಕಾಲ ಬಳಿ ನೆಲಕ್ಕೆ ಹಣೆ ಮುಟ್ಟಿಸಿ ಕೂತಿದ್ದರು. "ಗೊತ್ತಿಲ್ದೆ ಏನೇನೋ ಅಂದ್ಬುಟ್ಟಿದೀನಿ, ಒಟ್ಟೆಗಾಕ್ಕೊಳವ್ವ ತಾಯಿ. ನನ್ ಮಗನ್ ಸಂಸಾರ ತಣ್ಣಗಿಡವ್ವ" ಎನ್ನುತ್ತ ಅಳುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಇಷ್ಟು ಬೇಗ ನಿಜವಾಗಿದ್ದನ್ನು ನೋಡಿ ಬೇರೆಯವರಾದರೆ ನಗುತ್ತಿದ್ದರೇನೋ. ಅಕ್ಕ ಗೋಡೆಯ ಕಡೆ ತಿರುಗಿಕೊಂಡಿದ್ದರು. ಅತ್ತೆ ಅಂಬಲಿ ಕಾಯಿಸಲು ಎದ್ದುಹೋದ ಮೇಲೆ ನನ್ನ ಕೈ ಹಿಡಿದರು.

"ಹನ್ನೊಂದೇ ದಿನ ಕಣೇ. ನಾನೇನೂ ಹೇಳಿಲ್ಲ, ಅವರೇ ಅಂದ್ಕೊಂಡ್ರು. ಹನ್ನೊಂದು ದಿನ ಮಲಗಿರ್ತೀನಿ, ಆಮೇಲೆ ಎದ್ದು ಎಲ್ಲಾ ಮಾಡ್ತೀನಿ. ನೀನು ಬಾಯಿ ಬಿಡ್ಬೇಡ."

ಬಿಡುವುದಿಲ್ಲ ಎಂದು ತಲೆಯ ಮೇಲೆ ಕೈಯಿಟ್ಟು ಹೇಳಿದೆ.

ಆ ದಿನಗಳು ನನಗೆ ಹೇಗೆ ಕಳೆದವೋ! ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿದರೆ ದೇವರು ಯಾರಿಗೆ ಶಿಕ್ಷೆ ಕೊಡುತ್ತಾಳೆ, ಹೇಳಿದವರಿಗೋ ಬಚ್ಚಿಟ್ಟವರಿಗೋ? ಓಣಿಯಲ್ಲಿ ಸೈಕಲ್ಲಿನ ಸದ್ದಾದರೆ ಹೆಲ್ತಿನವರೇ ಎಂದು ಕಿಟಕಿಗೆ ಓಡುತ್ತಿದ್ದೆ. ಆದರೆ ಅಕ್ಕ ಮಾತ್ರ ಸುಧಾರಿಸುತ್ತಿದ್ದರು. ಉರಿಯಿತ್ತು, ಬೊಬ್ಬೆ ಒಡೆದ ಕಡೆ ಕೀವಾಗಿತ್ತು, ಆದರೂ ಐದನೇ ದಿನ ನಾನು ಹೋದಾಗ ಬಲಗೈಯನ್ನು ಮುಷ್ಟಿ ಕಟ್ಟಿ ತೋರಿಸಿದರು. ಪೂರ್ತಿ ಕಟ್ಟಿತ್ತು. ಬೆಳಿಗ್ಗೆ ಏಳು ಗಂಟೆಗೆ! ಸಣ್ಣ ಹುಡುಗಿಯ ಹಾಗೆ ಕಣ್ಣರಳಿಸಿ, ಬಿಚ್ಚಿ, ಮತ್ತೆ ಕಟ್ಟಿದರು.

ಆ ಸಂಜೆ ಮಂಡಿ ಸೆಳೆತ ತಡೆಯಲಾಗದೆ, ಓಣಿಯ ಆಚೆ ಬದಿಯ ಬಚ್ಚಲಿನ ಒಲೆಯ ಹಿಂದೆ ತಾವು ಬಚ್ಚಿಟ್ಟಿದ್ದ ನೋವಿನ ಎಣ್ಣೆಯ ಸೀಸೆಯನ್ನು ತಂದುಕೊಡು ಎಂದರು. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಮುಟ್ಟುವಂತಿಲ್ಲ, ಅದೂ ಇಂಥ ಘಾಟಿನ ಎಣ್ಣೆ. ಲಂಗದ ಮಡಿಕೆಯಲ್ಲಿ ಸೀಸೆ ಬಚ್ಚಿಟ್ಟುಕೊಂಡು ಅತ್ತೆಯ ಪಕ್ಕದಲ್ಲೇ ಹಾದು ಒಳಗೆ ಹೋದೆ. ಅಕ್ಕ ಮಂಡಿಗೆ ಎರಡು ಹನಿ ತಿಕ್ಕಿಕೊಂಡಿದ್ದರೋ ಇಲ್ಲವೋ, ಅತ್ತೆ ಮೂಗರಳಿಸುತ್ತ ಬಂದರು. "ಏನೇ ಇದು ಗಾಟು?" ಎಂದರು. ನನಗೆ ನೆಗಡಿ, ಅಮ್ಮ ಎದೆಗೆ ಹಚ್ಚಿದ್ದಾರೆ ಎಂದೆ. ಸಾಲದ್ದಕ್ಕೆ ಒಂದು ಸುಳ್ಳು ಸೀನನ್ನೂ ಸೀನಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೆಗ್ಡಿ ಅಂದ್ರೆ ಈ ಕಡೆ ಬರಬ್ಯಾಡ ಓಗು" ಎಂದರು ಅಷ್ಟೇ.

ಆರನೇ ದಿನ ಬೆಳಿಗ್ಗೆ ಹೆಲ್ತ್ ಇನ್‌ಸ್ಪೆಕ್ಟರು ಬಂದೇಬಿಟ್ಟರು. ಯಾರು ಹೇಳಿದರೋ, ಬಾಗಿಲ ಸೊಪ್ಪೇ ಹೇಳಿತೋ. ಮೊದಲನೇ ಮನೆಯದು ಸೀತಾಳೆ ಎಂದು ಬರೆದುಕೊಂಡು ಮುಂದೆ ಬಂದರು. ಅತ್ತೆ ಕೊನೆಮನೆಯ ಬಾಗಿಲಿಗೆ ಅಡ್ಡ ನಿಂತು, "ಬರಬ್ಯಾಡಿ ಸ್ವಾಮಿ, ತಾಯಿ ಮನಗವ್ಳೆ" ಎಂದು ಕೈ ಮುಗಿದರು. ಅವರು ಹೊಸ್ತಿಲಲ್ಲೇ ನಿಂತು, ಅಕ್ಕನ ತೋಳು ನೋಡಿದರು, ಕಾರ್ಡು ನೋಡಿದರು, ಮತ್ತೆ ತೋಳು ನೋಡಿದರು. ಮುಖ ಬಿಗಿಯಾಯಿತು. ಸೀತಾಳೆಯಂತಿಲ್ಲ, ನಾಳೆ ಡಾಕ್ಟರು ಬಂದು ನೋಡುತ್ತಾರೆ, ಅಲ್ಲಿಯವರೆಗೆ ವಠಾರ ಬಿಟ್ಟು ಯಾರೂ ಹೊರಗೆ ಹೋಗಕೂಡದು ಎಂದರು. ಸಿಡುಬೇ ಆದರೆ? ಆಗ ವಾರಗಟ್ಟಲೆ ಕಾವಲು, ಹೋಗುವಂತಿಲ್ಲ ಬರುವಂತಿಲ್ಲ. ಕೆಲಸಕ್ಕಿಲ್ಲ, ಸ್ಕೂಲಿಗಿಲ್ಲ.

ನನ್ನ ಪರೀಕ್ಷೆಗೆ ಮೂರೇ ದಿನ ಉಳಿದಿತ್ತು.

ಆರೂ ಮನೆಗಳಲ್ಲಿ ಗೋಳು ಶುರುವಾಯಿತು. ಅಪ್ಪ ಆಫೀಸಿಗೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಕ್ಕನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಅಮ್ಮ ಅವಳ ಮೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಹೆಬ್ಬೆರಳು ಮುಚ್ಚಿಕೊಂಡು ಓಣಿಗೆ ಬಂದೆ. ವಠಾರದ ಬಾಗಿಲಾಚೆ ಇನ್‌ಸ್ಪೆಕ್ಟರು ಬಟ್ಟೆ ಗಂಟು ಹೊತ್ತು ಬಂದಿದ್ದ ಆ ಹೆಂಗಸನ್ನು ಒಳಗೆ ಬಿಡದೆ ವಾಪಸು ಕಳಿಸುತ್ತಿದ್ದರು. ಅವಳು ಹೋದಳು. ಅವರು ಸೈಕಲ್ಲಿನ ಸ್ಟ್ಯಾಂಡ್ ತೆಗೆದರು. ನಾನು ಓಡಿಹೋಗಿ ಹಿಂದಿನ ಕ್ಯಾರಿಯರ್ ಹಿಡಿದುಕೊಂಡೆ.

"ಸಾರ್, ಅದು ಅಮ್ಮ ಅಲ್ಲ. ಗೇರು. ನಾನೇ ತಂದ್ಕೊಟ್ಟಿದ್ದು. ನನಗೂ ಆಗಿದೆ ನೋಡಿ," ಎಂದು ಚಿಂದಿ ಬಿಚ್ಚಿ ಬೆರಳು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಡಾಕ್ಟರಿಗೆ ಹೇಳುತ್ತೇನೆ, ನೀನು ಹೇಳಿದ್ದೆಂದು ಯಾರಿಗೂ ಹೇಳುವುದಿಲ್ಲ ಎಂದು ನನ್ನ ತಲೆ ಸವರಿದರು. ಒಳ್ಳೆಯ ಮನುಷ್ಯ. ಮಾತು ಉಳಿಸಿಕೊಂಡರು.

ಅಕ್ಕನನ್ನು ವ್ಯಾನಿನಲ್ಲಿ ಹೊತ್ತೊಯ್ಯಬಾರದೆಂದು ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವೇ. ಆದರೆ ಕ್ಯಾರಿಯರ್ ಹಿಡಿದಾಗ ನನ್ನ ತಲೆಯಲ್ಲಿದ್ದದ್ದು ಪರೀಕ್ಷೆ. ಈ ವಯಸ್ಸಿನಲ್ಲಿ ಇನ್ನು ಸುಳ್ಳು ಹೇಳಿ ಏನಾಗಬೇಕಾಗಿದೆ?

ಏಳನೇ ದಿನ ಡಾಕ್ಟರು ಬಂದರು. ವಠಾರವೆಲ್ಲ ಓಣಿಯಲ್ಲಿ ನಿಂತಿತ್ತು. ನಾನು ನಲ್ಲಿಕಟ್ಟೆಯ ಮೇಲೆ ಹತ್ತಿ ಕಿಟಕಿಯಲ್ಲಿ ನೋಡಿದೆ. ಅವರು ಅಕ್ಕನ ಬೊಬ್ಬೆಗಳನ್ನು ನೋಡಿದ್ದು ಎರಡು ನಿಮಿಷ. ಆಮೇಲೆ ಅವರ ಕಣ್ಣು ಬೆರಳ ಗಿಣ್ಣುಗಳ ಮೇಲೆ ನಿಂತಿತು. ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿದರು. "ಎಷ್ಟು ದಿನದಿಂದ ಹೀಗಿದೆಯಮ್ಮ?" ಎಂದು ಕೇಳಿದರು. ಹಾಗೆ ಕೇಳಿದ ಮೊದಲ ಮನುಷ್ಯ ಅವರು. ಅಕ್ಕ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ, "ಕೈಗೇನಾಗದೆ ಸ್ವಾಮಿ, ಅದು ಮೊದ್ಲಿಂದ್ಲೂ ಅಂಗೇಯ. ತಾಯಿ ವಿಚಾರ ಹೇಳಿ" ಎಂದರು.

ಸಿಡುಬೂ ಅಲ್ಲ ಸೀತಾಳೆಯೂ ಅಲ್ಲ, ಗೇರು ತಾಗಿದ್ದು ಎಂದು ಡಾಕ್ಟರು ಹೇಳಿದರು. ಕೀಲುಗಳ ಕಾಯಿಲೆ ಇದೆ, ದೊಡ್ಡಾಸ್ಪತ್ರೆಗೆ ತೋರಿಸಿ, ಇವರಿಗೆ ವಿಶ್ರಾಂತಿ ಬೇಕು ಎಂದು ಒಂದು ಚೀಟಿಯನ್ನೂ ಬರೆದರು. ಆ ಎರಡನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲನೆಯ ಮಾತಿಗೇ ಓಣಿಯಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಏನೂ ಇಲ್ಲವಂತೆ, ಏನೂ ಇಲ್ಲವಂತೆ ಎಂದು ಮನೆಯಿಂದ ಮನೆಗೆ ಸುದ್ದಿ ಹೋಯಿತು. ನನ್ನ ಅಮ್ಮ ದೇವರಿಗೆ ದೀಪ ಹಚ್ಚಿದರು.

ಅತ್ತೆ ಬಾಗಿಲ ಸೊಪ್ಪನ್ನು ಒಂದೇ ಎಳೆತಕ್ಕೆ ಕಿತ್ತರು. ಒಳಗೆ ಹೋದರು. ಕೂಗಾಟ ಕೇಳಬಹುದೆಂದು ಕಿವಿ ಮುಚ್ಚಿಕೊಂಡೆ, ಕೂಗಲಿಲ್ಲ. ಒಡೆದ ದನಿಯಲ್ಲಿ, "ನಿನ್ ಕಾಲಿಗ್ ಬಿದ್ದಿದೀನಲ್ಲೇ... ನಾನು ನಿನ್ ಕಾಲಿಗ್ ಬಿದ್ದಿದೀನಿ" ಎಂದರು. ಆಮೇಲೆ, "ಏನೂ ಇಲ್ಲವಂತಲ್ಲ, ಏಳು ಮೇಲೆ" ಎಂದರು.

ಅಕ್ಕ ಎದ್ದರು. ಮರುದಿನ ಬೆಳಿಗ್ಗೆ, ಒಡೆದ ಬೊಬ್ಬೆಗಳ ಮೇಲೆ ಸೆರಗು ಮುಚ್ಚಿಕೊಂಡು ನಲ್ಲಿಯಲ್ಲಿ ಕೊಡ ಹಿಡಿದಿದ್ದರು. ನಾನು ರಂಗೋಲಿ ಬಟ್ಟಲಿಗೆ ಕೈ ಚಾಚಿದೆ. ಅತ್ತೆ ಬಾಗಿಲಲ್ಲೇ ಕೂತಿದ್ದರು, ಇನ್ನು ಮುಂದೆ ದಿನವೂ ಕೂರುವವರಂತೆ. ಕೈ ಹಿಂದೆ ತೆಗೆದುಕೊಂಡೆ.

ಕೆಟ್ಟದ್ದೆಂದರೆ ತಪ್ಪುಕಾಣಿಕೆ. ತಾಯಿಯ ಹೆಸರಿನಲ್ಲಿ ಮಲಗಿದ್ದಕ್ಕೆ ಮುಂದಿನ ಮಂಗಳವಾರ ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ತಂಬಿಟ್ಟಿನ ಆರತಿಯನ್ನು ತಲೆಯ ಮೇಲಿಟ್ಟು ಮಾರಮ್ಮನ ಗುಡಿಗೆ ನಡೆಯಬೇಕೆಂದು ಅತ್ತೆ ನಿಶ್ಚಯಿಸಿದರು. ಇದರಲ್ಲಿ ಅವರಿಗೆ ಸೇಡಿರಲಿಲ್ಲ, ನಿಜವಾದ ಭಯವಿತ್ತು. ಮೊಮ್ಮಗಳಿಗೆ ಏನಾದರೂ ಆದೀತೆಂಬ ಭಯ. ವಠಾರದ ಹೆಂಗಸರೂ ಹೌದು ಹೌದೆಂದರು. ನನ್ನ ಪರೀಕ್ಷೆ ಮುಗಿದ ಮರುದಿನವೇ ಆ ಮಂಗಳವಾರ ಬಂತು.

ತಟ್ಟೆಯನ್ನು ಎರಡೂ ಕೈಯಿಂದ ಹಿಡಿಯಬೇಕು. ಅಕ್ಕನ ಬೆರಳುಗಳು ಅಂಚನ್ನು ಹಿಡಿಯಲಾರದೆ ಜಾರುತ್ತಿದ್ದವು, ಮಣಿಕಟ್ಟುಗಳಿಂದಲೇ ಒತ್ತಿಹಿಡಿದು ನಡೆದರು. ಮಂಡಿ ಮಡಿಸಲಾರದೆ ಕಾಲನ್ನು ಪಕ್ಕಕ್ಕೆ ಎಳೆದುಹಾಕುತ್ತ... ಅಗ್ರಹಾರದ ತಿರುವಿನ ಹತ್ತಿರ ತಟ್ಟೆ ವಾಲಿತು. ನಾನು ಹಾರಿ ಹಿಡಿಯಲು ಹೋದೆ. "ಮುಟ್ಟಬ್ಯಾಡ, ಅರಕೆ ಕೆಡ್ತದೆ" ಎಂದು ಅತ್ತೆ ನನ್ನ ಜಡೆ ಹಿಡಿದು ಎಳೆದರು. ಅಕ್ಕ ನನ್ನನ್ನು ನೋಡಿ, ಪರವಾಗಿಲ್ಲ ಎಂಬಂತೆ ಕಣ್ಣು ಮಿಟುಕಿಸಿದರು. ಆರತಿ ಆರದೆ ಗುಡಿ ಮುಟ್ಟಿತು. ನಾನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಭಕ್ತಿ ಬಂದಿದೆ ಎಂದು ಯಾರೋ ನನ್ನ ಹಣೆಗೂ ಕುಂಕುಮ ಇಟ್ಟರು.

ಗುಟ್ಟು ಹೊರಬಿದ್ದದ್ದು ಹೇಗೆ ಎಂಬ ಪ್ರಶ್ನೆಗೆ ವಠಾರ ತಾನೇ ಉತ್ತರ ಹುಡುಕಿಕೊಂಡಿತು. ಆ ದಿನ ಬಾಗಿಲಲ್ಲಿ ಇನ್‌ಸ್ಪೆಕ್ಟರ ಜೊತೆ ಮಾತಾಡುತ್ತಿದ್ದವಳು ಬಟ್ಟೆ ಒಗೆಯುವಾಕೆ. ಗೇರು ಕೊಟ್ಟವಳೂ ಅವಳೇ. ಇನ್ನೇನು ಬೇಕು? ಆರೂ ಮನೆಯವರು ಅವಳಿಗೆ ಬಟ್ಟೆ ಹಾಕುವುದನ್ನು ನಿಲ್ಲಿಸಿದರು. ಖಾಲಿ ಕೈಯಲ್ಲಿ ಓಣಿಯಿಂದ ಹೊರಟವಳು ನಮ್ಮ ಮನೆಯ ಮುಂದೆ ನಿಂತು, "ನಾನೇನ್ ಮಾಡ್ದೆ ಹೇಳಮ್ಮ?" ಎಂದು ನನ್ನನ್ನೇ ಕೇಳಿದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಬಂತು.

ಮರುವರ್ಷ ಅವರಿಗೆ ಜಾಲಹಳ್ಳಿಯ ಕ್ವಾರ್ಟರ್ಸ್ ಸಿಕ್ಕಿ ಹೋದರು. ಡಾಕ್ಟರ ಚೀಟಿ ಏನಾಯಿತೋ ತಿಳಿಯದು. ಹತ್ತು ವರ್ಷ ಕಳೆದ ಮೇಲೆ, ನಾನು ಕೆಲಸಕ್ಕೆ ಸೇರಿದ್ದಾಗ, ಮತ್ತೀಕೆರೆಯ ಬಸ್ ಸ್ಟಾಪಿನಲ್ಲಿ ಅವರೇ ನನ್ನನ್ನು ಗುರುತು ಹಿಡಿದರು. ನಾನು ಹಿಡಿಯಲಿಲ್ಲ. ನಲವತ್ತು ದಾಟದವರು ಅರವತ್ತರವರಂತೆ ಕೋಲು ಹಿಡಿದಿದ್ದರು. ಬೆರಳೆಲ್ಲ ಒಂದೇ ಕಡೆಗೆ ವಾಲಿದ್ದವು. ಕೊನೆಗೂ ಅವರ ಅತ್ತೆಯೇ ಆ ಕೈಗಳನ್ನು ನೋಡಿ, ಸಾಯುವ ಮುಂಚೆ ಒಂದು ವರ್ಷ ಇವರಿಗೆ ತಾವೇ ತಲೆ ಬಾಚುತ್ತಿದ್ದರಂತೆ. ಪುಟ್ಟೇನಹಳ್ಳಿ ಕೆರೆಯ ಹತ್ತಿರ ಸೈಟು ತೆಗೆದುಕೊಂಡಿದ್ದೇವೆ, ಮನೆ ಕಟ್ಟಿದ ಮೇಲೆ ಬಾ ಎಂದರು. ಆಮೇಲೆ ಅವರೇ ಆ ಮಾತು ತೆಗೆದರು.

"ಆ ಏಳು ದಿನ ಎಷ್ಟ್ ಚೆನ್ನಾಗಿತ್ತು ಕಣೇ. ಆ ಬಟ್ಟೆ ಒಗೆಯೋಳೊಬ್ಬಳು ಬಾಯಿ ಬಿಡದೇ ಇದ್ದಿದ್ರೆ ಇನ್ನೂ ನಾಲ್ಕು ದಿನ ಸಿಕ್ತಿತ್ತು. ಪಾಪ, ಅವಳಿಗೂ ಏನ್ ಕಷ್ಟವೋ," ಎಂದು ನಕ್ಕರು.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಸ್ಸು ಬಂತು, ಹತ್ತಿಬಿಟ್ಟೆ. ಅದು ನನ್ನ ರೂಟಿನ ಬಸ್ಸೂ ಆಗಿರಲಿಲ್ಲ.

ಆಮೇಲೆ ನನ್ನ ಮದುವೆ, ಊರೂರು ವರ್ಗ, ಕೊನೆಗೆ ಯಲಹಂಕದಲ್ಲೇ ಮನೆ. ಪುಟ್ಟೇನಹಳ್ಳಿ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದ ದಾರಿಯನ್ನು ಹದಿನೆಂಟು ವರ್ಷವಾದರೂ ದಾಟಲು ನನ್ನಿಂದ ಆಗಿರಲಿಲ್ಲ. ಔಷಧಿ ಅಂಗಡಿಯಿಂದ ಬಂದ ಮೇಲೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಕಳೆದ ಭಾನುವಾರ, ಇವತ್ತು ಹೇಳಿಯೇ ತೀರಬೇಕೆಂದು ಹೊರಟೆ. ಕೆರೆಯ ಸುತ್ತ ಮೂರು ಬೀದಿ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಬಾಗಿಲು ತೆರೆದದ್ದು ಅಕ್ಕನ ಮಗಳು. ಐವತ್ತು ದಾಟಿದ ಹೆಂಗಸು, ಅಕ್ಕನದೇ ಹಣೆ. ಯಶವಂತಪುರದ ವಠಾರದವಳು ಎಂದು ಗುರುತು ಹೇಳಿಕೊಂಡೆ.

ಅಕ್ಕ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಮಗಳು ಒಳಗೆ ಕರೆದು ಕೂರಿಸಿದಳು. ಕೊನೆಕೊನೆಗೆ ಸರಿಯಾದ ಡಾಕ್ಟರು ಸಿಕ್ಕಿ, ಒಂದು ಮಾತ್ರೆಯಿಂದ ನೋವು ಹತೋಟಿಗೆ ಬಂದಿತ್ತಂತೆ. ಕೊರೊನಾಗೆ ಒಳ್ಳೆಯದೆಂದು ಜನ ಅದೇ ಮಾತ್ರೆಯನ್ನು ಮುಗಿಬಿದ್ದು ಕೊಂಡರು, ತಿಂಗಳುಗಟ್ಟಲೆ ಎಲ್ಲೂ ಸಿಗಲಿಲ್ಲ. ಆಗ ಹಾಸಿಗೆ ಹಿಡಿದ ಅಕ್ಕ ಮತ್ತೆ ಏಳಲಿಲ್ಲ.

"ಅಮ್ಮ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ರು," ಎಂದಳು ಮಗಳು. "ವಠಾರದ ಕಥೆ ಎಲ್ಲಾ ಹೇಳ್ತಿದ್ರು. ಅಷ್ಟು ಜನರಲ್ಲಿ ನನ್ನ ನೋವನ್ನ ನಂಬಿದ್ದು ಆ ಹುಡುಗಿ ಒಬ್ಳೇ, ಕೊನೇವರೆಗೂ ನನಗೋಸ್ಕರ ಬಾಯಿ ಬಿಡ್ಲಿಲ್ಲ ಅಂತಿದ್ರು."

ಕಾಫಿ ತಂದುಕೊಟ್ಟಳು. ಚೆನ್ನಾಗಿದೆಯಾ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಬೇರೇನೂ ಹೇಳದೆ ಎದ್ದು ಬಂದೆ.